ಪನ್ನೀರುದಾನಿಗೆ ಬೊಂಬಾಯಿ ಸೆಂಟು

ಅಕ್ಕನ ಮದುವೆಯಲ್ಲಿ ಮದುಮಗಳಿಗಿಂತ ಮುಖ್ಯಳಾದವಳು ಒಬ್ಬಳಿದ್ದಳು. ಅದು ನಾನು. ರಾಜಾಜಿನಗರದ ನಮ್ಮ ಹೊಸ ಮನೆಯ ಮುಂದೆ ಚಪ್ಪರ. ಅದರ ಬಾಗಿಲಲ್ಲಿ ನಿಂತು ಬಂದವರ ಮೇಲೆ ಪನ್ನೀರು ಚಿಮುಕಿಸುವ ಅಧಿಕಾರ ನನ್ನದು. ಕೈಯಲ್ಲಿ ಬೆಳ್ಳಿಯ ಪನ್ನೀರುದಾನಿ, ಮುಖದಲ್ಲಿ ಮಹಾರಾಣಿಯ ಗತ್ತು. ಪಕ್ಕದಲ್ಲಿ ಕಲ್ಲುಸಕ್ಕರೆ ತಟ್ಟೆ ಹಿಡಿದ ಚಿಕ್ಕಪ್ಪನ ಮಗಳು. ಅವಳ ಕಣ್ಣೆಲ್ಲ ನನ್ನ ದಾನಿಯ ಮೇಲೆ.

"ಪನ್ನೀರು ಮುಗೀತು ಅಂದ್ರೆ ದಾನಿ ನಂದು ಕಣೇ. ದೊಡ್ಡಮ್ಮನೇ ಹೇಳಿದಾರೆ."

"ಮುಗಿದ್ರೆ ತಾನೇ!"

ಮುಗಿದೇಹೋಯಿತು. ಓಲಗದವರು, ಬಾಳೆಕಂಬ, ದಾರಿಯಲ್ಲಿ ಹೋಗುತ್ತಿದ್ದ ಎಮ್ಮೆ, ಯಾರನ್ನೂ ನಾನು ಬಿಟ್ಟಿರಲಿಲ್ಲ. ಗಂಡಿನ ಕಡೆಯವರು ಬೀದಿಯ ತಿರುವಿಗೆ ಬಂದಾಗ ದಾನಿಯಲ್ಲಿ ಗಾಳಿ ಮಾತ್ರ ಇತ್ತು.

ಒಳಗೆ ಓಡಿದೆ. ಬೊಂಬಾಯಿಯಿಂದ ಸೋದರಮಾವ ತಂದುಕೊಟ್ಟಿದ್ದ ಸೆಂಟು ನನ್ನ ಟ್ರಂಕಿನಲ್ಲಿತ್ತು. ಸೀಸೆಯ ಮೇಲೆ ನಮ್ಮೂರಲ್ಲಿ ಯಾರೂ ಕಾಣದ ಯಾವುದೋ ಸೀಮೆಹಣ್ಣಿನ ಚಿತ್ರ. ಜಿಪುಣತನದಿಂದ ಅದನ್ನು ಒಮ್ಮೆಯೂ ಹಚ್ಚಿಕೊಂಡಿರಲಿಲ್ಲ, ಮುಚ್ಚಳ ತೆಗೆದು ಮೂಸಿ ಇಟ್ಟುಬಿಡುತ್ತಿದ್ದೆ. ಇಡೀ ಸೀಸೆ ದಾನಿಗೆ ಸುರಿದು ನೀರು ಹಾಕಿದೆ. ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಇರಲಿ, ಮೇಲೆ ಬಿದ್ದ ಮೇಲೆ ಬಣ್ಣ ಯಾರು ನೋಡುತ್ತಾರೆ?

ಮೊದಲ ಹನಿ ಗಂಡಿನ ಅಜ್ಜಿಯ ಮೇಲೆ.

"ಇದೇನೇ ಮಗಾ, ಕಿತ್ತಲೆ ಸುಲಿದಂಗೈತೆ! ಇನ್ನೊಂಚೂರು ಹಾಕು."

ಹಾಕಿದೆ. ಅಜ್ಜಿಯ ಸೀರೆ ಹಿಂಡಿದರೆ ಒಂದು ಚೆಂಬು ತುಂಬುವಷ್ಟು ಹಾಕಿದೆ.

ಧಾರೆಯ ಹೊತ್ತಿಗೆ ಬಿಸಿಲೇರಿ, ಮೈ ಬೆವರಿ, ಕಿತ್ತಲೆಯ ವಾಸನೆ ಹೋಗಿ ರಸಪುರಿ ಮಾವಿನದು ಬಂತು. ಪುರೋಹಿತರು ಮಂತ್ರದ ನಡುವೆ ಎರಡು ಸಲ ಜೊಲ್ಲು ನುಂಗಿದರು. ಸೆಂಟು ಹೀಗೆ ಮೈಮೇಲೆ ಮಾಗುತ್ತದೆಂದು ನನಗೇನು ಗೊತ್ತು? ಊಟಕ್ಕೆ ಎಲೆ ಹಾಕುವಷ್ಟರಲ್ಲಿ ಅದು ಪೂರ್ತಿ ಕಳಿತು, ಬಾಯಿಬಿಟ್ಟ ಹಲಸಾಯಿತು. ಪಂಕ್ತಿಯ ಉದ್ದಕ್ಕೂ ಹಲಸಿನ ತೊಳೆಗಳೇ ರುಮಾಲು ಸುತ್ತಿಕೊಂಡು ಕೂತಂತಿತ್ತು.

ಅಜ್ಜಿ ಎಲೆಯಿಂದ ಕೈ ಹಿಂದಕ್ಕೆ ತೆಗೆದರು.

"ಏನ್ ಬೀಗ್ರೇ, ಒಳಗೆ ಹಲಸಿನಹಣ್ಣು ಘಮ್ ಅಂತೈತೆ, ಎಲೆಗೆ ಬಂದೇ ಇಲ್ಲ. ಯಾರಿಗೆ ಎತ್ತಿಟ್ಟಿದೀರಿ?"

"ಇಲ್ಲಮ್ಮಾ, ಹಲಸು ತಂದೇ ಇಲ್ಲ," ಎಂದರು ಅಪ್ಪ.

"ನನ್ ಮೂಗು ಸುಳ್ಳು ಹೇಳ್ತದಾ? ಹಣ್ಣು ಬರೋವರ್ಗೂ ನಾನು ಅನ್ನ ಮುಟ್ಟಲ್ಲ."

ಹಿರಿಯರು ಮುಟ್ಟದ ಊಟವನ್ನು ಗಂಡಿನ ಕಡೆ ಇನ್ನಾರು ಮುಟ್ಟುತ್ತಾರೆ? ಇಡೀ ಪಂಕ್ತಿ ಕೈ ಕಟ್ಟಿ ಕೂತಿತು. ಅಕ್ಕನ ಕಣ್ಣಲ್ಲಿ ನೀರು. ಅಂದು ಮೊದಲ ಸಲ ಅವಳು ನನಗಿಂತ ಮುಖ್ಯಳಾಗಿ ಕಂಡಳು.

ಚಿಕ್ಕಪ್ಪನ ಮಗಳ ಕೈ ಹಿಡಿದೆಳೆದೆ. "ಗೌಡರ ತೋಟದಲ್ಲಿ ಹಲಸಿನ ಮರ ಇದೆ. ಹೊರೋಕೆ ಬಾರೇ."

"ದಾನಿ ಕೊಡ್ತೀಯಾ?"

ಕೊಲೆಗಡುಕಿ! "ತಗೋ, ಬಾ."

ನಮ್ಮ ಬಡಾವಣೆ ಮುಗಿಯುವಲ್ಲೇ ಆ ತೋಟ. ಗೌಡರ ಹೆಂಡತಿ ನನ್ನನ್ನು ಮೂಸಿ ನಗತೊಡಗಿದರು. "ಅಯ್ಯೋ ತಾಯಿ, ನೀನೇ ಹಣ್ಣಾಗಿ ನಿಂತಿದೀಯಲ್ಲ! ಇನ್ನೂ ಹಣ್ಣು ಯಾಕೆ?" ಆದರೂ ಅಟ್ಟದಲ್ಲಿ ಮಾಗಿಸಿದ್ದ, ನಮ್ಮ ಪುರೋಹಿತರ ಹೊಟ್ಟೆಯಷ್ಟು ದಪ್ಪದ ಒಂದನ್ನು ಗೋಣಿಗೆ ಹಾಕಿಕೊಟ್ಟರು.

ತೊಳೆ ಬಾಯಿಗಿಟ್ಟ ಅಜ್ಜಿ ಗೆದ್ದವರಂತೆ ಅಪ್ಪನ ಕಡೆ ನೋಡಿದರು. "ಇಟ್ಕೊಂಡೂ ಇಲ್ಲ ಅಂದ್ರಿ, ನೋಡಿ!" ಪಂಕ್ತಿಯ ಕೈಗಳೆಲ್ಲ ಎಲೆಗೆ ಇಳಿದವು. ಅಕ್ಕ ಮೂಗೊರೆಸಿಕೊಂಡು ನಕ್ಕಳು.

ಸಂಜೆ ಆರತಕ್ಷತೆಗೆ ದಾನಿ ಹಿಡಿದು ಮೆರೆದವಳು ಚಿಕ್ಕಪ್ಪನ ಮಗಳು. ನಾನು ಕಲ್ಲುಸಕ್ಕರೆ ತಟ್ಟೆ ಹಿಡಿದು, ಹಂಚಿದ್ದಕ್ಕಿಂತ ಹೆಚ್ಚು ತಿಂದೆ. ಹೊಸ ಪನ್ನೀರು ತುಂಬುವಾಗ ದಾನಿಯ ತಳದಲ್ಲಿ ಇನ್ನೂ ಎಷ್ಟು ಸೆಂಟಿದೆಯೆಂದು ಅವಳು ನೋಡಲಿಲ್ಲ, ನಾನೂ ಹೇಳಲಿಲ್ಲ. ಅಜ್ಜಿಗೆ ಮತ್ತೆ ಪೂರ್ತಿ ಅಭಿಷೇಕವಾಯಿತು.

ರಾತ್ರಿಯೂಟದ ಎಲೆಯ ಮುಂದೆ ಅಜ್ಜಿಯ ಮೂಗು ನಿಧಾನವಾಗಿ ಮೇಲೆದ್ದಿತು.

"ಬೀಗ್ರೇ, ಇನ್ನೊಂದು ಹಣ್ಣೈತೆ!"

ನಾನು ಒಂದು ಕಲ್ಲುಸಕ್ಕರೆ ಹರಳು ಬಾಯಿಗೆ ಹಾಕಿಕೊಂಡು ಚಿಕ್ಕಪ್ಪನ ಮಗಳ ಕೈಗೆ ಗೋಣಿಚೀಲ ಕೊಟ್ಟೆ.