ಎರಡನೇ ಸಿಡಿ ಮೊದಲು

ನಿರ್ಮಲಾ ಮೇಡಂ, ನಿಮ್ಮ ಮಾತು ಸರಿ ಎಂದು ಗೊತ್ತಾದ ಮೇಲೆಯೇ ನಾನು ನಿಮ್ಮನ್ನು ಅಚ್ಚಿನಲ್ಲಿ ಗೇಲಿ ಮಾಡಿದ್ದು. ಅಂದಿನ ಸಭೆಯಲ್ಲಿ ಇದನ್ನು ಹೇಳಲಿಲ್ಲ — ಅರ್ಧ ಹೇಳಿ, ಚಪ್ಪಾಳೆ ತೆಗೆದುಕೊಂಡು, ಕೆಳಗಿಳಿದೆ. ಉಳಿದರ್ಧವನ್ನು ಇಲ್ಲಿ, ನಮ್ಮ ಅದೇ ಎಂಟು ಪುಟದ ಪತ್ರಿಕೆಯಲ್ಲಿ, ಆ ಗೇಲಿ ಓದಿ ನಕ್ಕ ಓದುಗರ ಎದುರಿಗೇ ಒಪ್ಪಿಕೊಳ್ಳುತ್ತಿದ್ದೇನೆ.

ಎರಡು ಸಾವಿರದ ಇಸವಿಯ ಆಚೀಚೆ ಗೆಳೆಯ ಮಂಜ ಮತ್ತು ನಾನು ಜಯನಗರದಲ್ಲಿ ಈ ಪತ್ರಿಕೆ ಶುರು ಮಾಡಿದೆವು. ಕೈಯಲ್ಲಿ ಬರೆಯುವುದು, ಜೆರಾಕ್ಸ್ ಮಾಡಿಸುವುದು, ಪಿನ್ನು ಹೊಡೆದು ಹಂಚುವುದು. ಬಿಟಿಎಂ ಲೇಔಟಿನ ತಾರಸಿಗಳಲ್ಲಿ ಗಿಟಾರು ಹಿಡಿದು ತಮ್ಮದೇ ಹಾಡು ಕಟ್ಟುತ್ತಿದ್ದವರ ಕ್ಯಾಸೆಟ್ಟು, ಮೂರೇ ದಿನ ಓಡಿದರೂ ಕೆಲವರು ತಲೆಯ ಮೇಲೆ ಹೊತ್ತು ಮೆರೆಸಿದ ಸಿನಿಮಾ, ಜಪಾನಿನ ಕಾರ್ಟೂನು ಸಿನಿಮಾ, ಅಂದರೆ ಅನಿಮೆ — ಬೇರೆ ಯಾರೂ ಮುಟ್ಟದ್ದನ್ನೆಲ್ಲ ನಾವು ಕನ್ನಡದಲ್ಲಿ ವಿಮರ್ಶಿಸುತ್ತಿದ್ದೆವು. ನಮ್ಮ ಜಂಬ ಎಷ್ಟೆಂದರೆ, ಫೋರ್ತ್ ಬ್ಲಾಕಿನಲ್ಲಿ ನಡೆಯುವಾಗ ಜನ ನಮ್ಮನ್ನು ಗುರುತಿಸುತ್ತಾರೆ ಎಂದೇ ನಂಬಿದ್ದೆವು. ಯಾರೂ ಗುರುತಿಸುತ್ತಿರಲಿಲ್ಲ ಅನ್ನಿ.

ಒಮ್ಮೆ ಬನಶಂಕರಿಯ ವಿಡಿಯೋ ಲೈಬ್ರರಿಯಿಂದ ಒಂದು ಅನಿಮೆ ತಂದೆ. ಒಂದು ಸಿನಿಮಾ, ಎರಡು ಸಿಡಿ, ಮೇಲೆ ನಂಬರಿಲ್ಲ. ಕೈಗೆ ಸಿಕ್ಕಿದ್ದನ್ನು ಹಾಕಿದೆ. ದೋಣಿ ಕಟ್ಟುವ ಅಜ್ಜಿ ಸಾಯುತ್ತಾಳೆ. ಅರ್ಧಕ್ಕೆ ನಿಂತ ದೋಣಿಯನ್ನು ಮೊಮ್ಮಗಳು ಒಬ್ಬಳೇ ಮುಗಿಸುತ್ತಾಳೆ. ಇನ್ನೊಂದು ಸಿಡಿ ಹಾಕಿದರೆ — ಅಜ್ಜಿ ಎದ್ದು ಬಂದು ಮರ ಕೊಯ್ಯುತ್ತಿದ್ದಾಳೆ! ನನಗೆ ರೋಮಾಂಚನ. ‘ಸಾವಿಗೇ ಸೋಲು’ ಎಂದು ತಲೆಬರಹ ಕೊಟ್ಟೆ. ಸಿನಿಮಾದ ನಡುವೆ ಅದಕ್ಕೆ ದುಡಿದವರ ಹೆಸರುಗಳೆಲ್ಲ ಉದ್ದಕ್ಕೆ ಬಂದು ಹೋಗಿದ್ದವು. ಅದನ್ನೂ ನಿರ್ದೇಶಕನ ಎದೆಗಾರಿಕೆ ಎಂದು ಹೊಗಳಿದೆ. ಆ ಸಂಚಿಕೆಯನ್ನು ಮೂರು ಸಲ ಜೆರಾಕ್ಸ್ ಮಾಡಿಸಬೇಕಾಯಿತು. ಅದನ್ನು ಓದಿದ ಒಂದು ವಾರಪತ್ರಿಕೆಯವರು ನನ್ನನ್ನು ಕರೆದು ಅಂಕಣ ಕೊಟ್ಟರು.

ಆಗ ನಿಮ್ಮ ಲಕೋಟೆ ಬಂತು. ಪದ್ಮನಾಭನಗರದಲ್ಲಿ ಗಣಿತದ ಟ್ಯೂಷನ್ ನಡೆಸುವ ಐವತ್ತರ ಹೆಂಗಸು ಅನಿಮೆ ನೋಡುತ್ತಾರೆ ಎಂಬುದೇ ನನಗೆ ಆಶ್ಚರ್ಯ. “ನೀವು ಎರಡನೇ ಸಿಡಿಯನ್ನು ಮೊದಲು ನೋಡಿದ್ದೀರಿ. ಅಜ್ಜಿ ವಾಪಸು ಬರುವುದಿಲ್ಲ. ಬರುವುದಿಲ್ಲ ಎಂಬುದೇ ಆ ಸಿನಿಮಾ” ಎಂದು ಬರೆದಿದ್ದಿರಿ. ಜೊತೆಗೆ ನಿಮ್ಮದೇ ವಿಮರ್ಶೆ, ನಾಲ್ಕು ಹಾಳೆ. ಮೊದಲ ಸಲ ಬರೆದಿದ್ದೇನೆ, ಯೋಗ್ಯವೆನಿಸಿದರೆ ಪ್ರಕಟಿಸಿ, ಎಂಬ ಕೋರಿಕೆ.

ಆ ಭಾನುವಾರ ಮಧ್ಯಾಹ್ನ ಸಿನಿಮಾವನ್ನು ಮತ್ತೆ ತಂದು ಸರಿಯಾದ ಕ್ರಮದಲ್ಲಿ ನೋಡಿದೆ. ಮೊಮ್ಮಗಳು ಕೊನೆಯ ಮೊಳೆ ಹೊಡೆದು, ಅಜ್ಜಿಗೆ ತೋರಿಸಲು ಹಿಂದೆ ತಿರುಗಿ — ನಾನು ಅತ್ತುಬಿಟ್ಟೆ ಮೇಡಂ. ನಿಮ್ಮ ನಾಲ್ಕು ಹಾಳೆಯನ್ನು ಮತ್ತೆ ಓದಿದೆ. ಅಂಥದ್ದನ್ನು ನಾನು ಒಂದು ಸಲವೂ ಬರೆದಿರಲಿಲ್ಲ. ಅದನ್ನು ಟ್ರಂಕಿನ ತಳಕ್ಕೆ ಹಾಕಿ, ಮುಂದಿನ ಸಂಚಿಕೆಗೆ ಬರೆದೆ: “ಪದ್ಮನಾಭನಗರದ ಲೆಕ್ಕದ ಮೇಡಂ ಒಬ್ಬರಿಗೆ ಸಿನಿಮಾದಲ್ಲೂ ಒಂದಾದ ಮೇಲೆ ಎರಡೇ ಬರಬೇಕಂತೆ. ಮಗ್ಗಿ ಪುಸ್ತಕ ಕಳಿಸಿಕೊಡೋಣವೇ?”

ಎಲ್ಲರೂ ನಕ್ಕರು. ನಿಮ್ಮ ಟ್ಯೂಷನ್ನಿನ ಮಕ್ಕಳೂ ಅದನ್ನು ಓದಿದರೆಂದು ಆಮೇಲೆ ತಿಳಿಯಿತು. ನಿಮ್ಮಿಂದ ಮತ್ತೆ ಕಾಗದ ಬರಲಿಲ್ಲ.

ಐದು ವರ್ಷದ ನಂತರ ಜೆ.ಪಿ. ನಗರದ ಸಭಾಂಗಣವೊಂದರಲ್ಲಿ ಅದೇ ಸಿನಿಮಾದ ಪ್ರದರ್ಶನ, ಮೊದಲು ನನ್ನ ಭಾಷಣ. ಮೆಟ್ಟಿಲ ಮೇಲೂ ಜನ. ಈ ಸಲ ಒಂದೇ ಡಿವಿಡಿ; ಇನ್ನು ಹತ್ತು ನಿಮಿಷಕ್ಕೆ ಸಿನಿಮಾ ಶುರುವಾದರೆ ನನ್ನ ಬಣ್ಣ ಬಯಲಾಗುವುದಿತ್ತು. ಬಾಗಿಲಲ್ಲಿ ಬಂದವರ ಹೆಸರು ಬರೆಸಿಕೊಳ್ಳುತ್ತಿದ್ದ ಮಂಜ ಕಿವಿಯಲ್ಲಿ ಹೇಳಿದ, “ಮಗಾ, ಲೆಕ್ಕದ ಮೇಡಂ ಬಂದವ್ರೆ. ಮೂರನೇ ಸಾಲು.” ನಾನು ಮೈಕಿನ ಮುಂದೆ ನಿಂತು, ಸಿಡಿ ಅದಲುಬದಲಾದದ್ದನ್ನು ಹೇಳಿದೆ. “ಮೇಡಂ ತಿದ್ದಿದ್ರು, ನಾನು ನಂಬಲಿಲ್ಲ” ಎಂದೂ ಸೇರಿಸಿದೆ. ಆ ಒಂದು ಪದ — ನಂಬಲಿಲ್ಲ — ಸುಳ್ಳು.

ಚಪ್ಪಾಳೆ ನಿಂತ ಮೇಲೆ ನೀವು ಎದ್ದಿರಿ.

“ಅದೆಲ್ಲ ಸರಿ. ನನ್ನ ಬರಹ ಎಲ್ರೀ ಹೋಯ್ತು?”

“ಮನೇಲಿದೆ ಮೇಡಂ...”

“ಇರ್ಲಿ ಬಿಡಿ. ನಂಗೆ ಬಾಯಿಗೆ ಬರುತ್ತೆ.”

ಆಹಾ, ಆ ಗಳಿಗೆ! ಕೈಯಲ್ಲಿ ಒಂದು ಚೀಟಿಯಿಲ್ಲದೆ ನಾಲ್ಕು ಹಾಳೆಯನ್ನೂ ನೀವು ಹೇಳುತ್ತ ಹೋದಿರಿ. ಮುಗಿದಾಗ ಸಭಾಂಗಣವೇ ಎದ್ದು ನಿಂತಿತು, ಹಿಂದಿನಿಂದ ಶಿಳ್ಳೆ ಬಿತ್ತು. ಆಮೇಲೆ ಓಡಿದ ಸಿನಿಮಾವನ್ನು ಜನ ನಿಮ್ಮ ಕಣ್ಣಿನಿಂದಲೇ ನೋಡಿದರು. ಹೊರಬರುವಾಗ ಎಲ್ಲರೂ ಮುತ್ತಿಕೊಂಡಿದ್ದು ನಿಮ್ಮನ್ನು. ನನ್ನ ವಾರಪತ್ರಿಕೆಯ ಸಂಪಾದಕರು ಅಲ್ಲೇ ನಿಮ್ಮ ವಿಳಾಸ ಬರೆದುಕೊಂಡರು. ಇವತ್ತು ಆ ಅಂಕಣ ನಿಮ್ಮದು, ಜನ ಕಾದು ಓದುತ್ತಾರೆ. ನೀವು ಗೆದ್ದಿರಿ ಮೇಡಂ. ನನ್ನೆದುರು, ನನ್ನದೇ ವೇದಿಕೆಯಲ್ಲಿ ಗೆದ್ದಿರಿ, ಅದನ್ನು ನೋಡಿ ನಾನು ಹುಚ್ಚನಂತೆ ಚಪ್ಪಾಳೆ ಹೊಡೆದೆ.

ಗೇಟಿನ ಹತ್ತಿರ ಕೇಳಿದ್ದೆ, ಈ ಐದು ವರ್ಷ ಸಿನಿಮಾ ನೋಡುವುದನ್ನು ಬಿಟ್ಟಿದ್ದಿರಾ ಎಂದು. “ನೋಡೋದು ಬಿಡೋಕಾಗುತ್ತೇನ್ರೀ? ವಾರಕ್ಕೆರಡು ನೋಡ್ತಿದ್ದೆ. ಬರೆಯೋದಷ್ಟೇ ಬಿಟ್ಟೆ” ಅಂದಿರಿ. ಆಮೇಲೆ ನನ್ನ ಮುಖ ನೋಡಿ, “ಹೋಗ್ಲಿ ಬಿಡಿ, ನಂಬಲಿಲ್ಲ ಅಷ್ಟೇ ತಾನೆ” ಎಂದು ಕ್ಷಮಿಸಿ ಬಸ್ಸು ಹತ್ತಿದಿರಿ.

ಐದು ವರ್ಷ, ವಾರಕ್ಕೆರಡು. ಅವುಗಳ ಬಗ್ಗೆ ನೀವು ಬರೆಯಬಹುದಾಗಿದ್ದ ಒಂದು ಸಾಲೂ ಇಲ್ಲ — ಇಲ್ಲದಂತೆ ಮಾಡಿದವನು ನಾನು, ತಿಳಿದೂ ತಿಳಿದೂ. ಈ ಸಂಚಿಕೆಯ ಮೊದಲ ಪ್ರತಿಯನ್ನು ನಾನೇ ನಿಮ್ಮ ಮನೆಗೆ ತಂದುಕೊಡುತ್ತೇನೆ. ಅಂದಿನ ಕ್ಷಮೆಯನ್ನು ವಾಪಸು ತೆಗೆದುಕೊಳ್ಳುವುದಿದ್ದರೆ ಬಾಗಿಲಲ್ಲೇ ಹೇಳಿಬಿಡಿ, ಮೇಡಂ.