ಬಯಕೆ ಬುತ್ತಿಯಲ್ಲಿ ಚಾಕಲೇಟು ಉಂಡಿ

ಚಾಕಲೇಟು ತಿನ್ನಬೇಕೆಂಬ ಆಸೆ ಯಾವಾಗ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರು ‘ಅದಕ್ಕೇನು ಹೊತ್ತುಗೊತ್ತು’ ಎಂದು ಹಾರಿಕೆಯ ಉತ್ತರ ಕೊಡುತ್ತಾರೆ. ನಾನು ಹಾಗೆ ಹಾರಿಸುವವಳಲ್ಲ. ನನಗೆ ಅದು ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂಕಾಲರ ನಡುವೆ ಬರುತ್ತದೆ. ಮಂಗಳವಾರ ಹೆಚ್ಚು, ಭಾನುವಾರ ಕಡಿಮೆ, ಮೋಡ ಕವಿದ ದಿನ ಮಾತ್ರ ಅರ್ಧ ಗಂಟೆ ಮೊದಲೇ ಹಾಜರು. ಇದನ್ನು ಅಂದಾಜಿನಿಂದ ಹೇಳುತ್ತಿಲ್ಲ. ರೂಲು ಎಳೆದ ದಿನಚರಿಯಲ್ಲಿ ಇದಕ್ಕಾಗಿಯೇ ನಾಲ್ಕು ಅಂಕಣಗಳಿವೆ: ತಾರೀಖು, ವೇಳೆ, ಐದಕ್ಕೆ ಎಷ್ಟು ತೀವ್ರತೆ, ಕೈಗೊಂಡ ಪರಿಹಾರ. ನಗುವವರು ನಗಬಹುದು, ಕಳೆದ ವರ್ಷ ಎಷ್ಟು ಸಲ ನಕ್ಕಿರಿ ಎಂದು ಕೇಳಿದರೆ ನಿಮ್ಮಲ್ಲಿ ಲೆಕ್ಕವಿರುವುದಿಲ್ಲ, ನನ್ನಲ್ಲಿ ಇರುತ್ತದೆ.

ಈ ಚಟಕ್ಕೆ ನನ್ನ ಉದ್ಯೋಗವೂ ಸ್ವಲ್ಪ ಕಾರಣ. ನವನಗರದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ದಿನವಿಡೀ ಪುಟ್ಟ ಗಾಜಿನ ನಳಿಕೆಗಳಿಗೆ ಚೀಟಿ ಅಂಟಿಸುವುದು ನನ್ನ ಕೆಲಸ. ಊರ ಜನರ ಸಕ್ಕರೆಯ ಪ್ರಮಾಣವನ್ನು ಬೆಳಗಿನಿಂದ ಅಳೆದು ಅಳೆದು ಮಧ್ಯಾಹ್ನದ ಹೊತ್ತಿಗೆ ನನಗೇ ಸಕ್ಕರೆ ಬೇಕೆನಿಸುವುದು ವೃತ್ತಿಜನ್ಯ ವ್ಯಾಧಿಯೇ ಇರಬೇಕು.

ಅಂಗಡಿಯ ಚಾಕಲೇಟನ್ನು ನಾನು ನೆಚ್ಚಿಕೊಳ್ಳದಿರುವುದಕ್ಕೆ ಹವಾಮಾನವೇ ಕಾರಣ. ಬಾಗಲಕೋಟೆಯ ಬೇಸಿಗೆಯಲ್ಲಿ ಅಂಗಡಿಯ ಫ್ರಿಜ್ಜಿನಿಂದ ಗಟ್ಟಿಮುಟ್ಟಾಗಿ ಹೊರಟ ಚಾಕಲೇಟು ನಮ್ಮ ಸೆಕ್ಟರಿನ ಎರಡನೆಯ ತಿರುವಿನಲ್ಲಿ ಮೆತ್ತಗಾಗಿ, ಮೂರನೆಯ ತಿರುವಿನಲ್ಲಿ ವೈರಾಗ್ಯ ತಾಳಿ, ಮನೆ ಮುಟ್ಟುವಷ್ಟರಲ್ಲಿ ಪಂಚಭೂತಗಳಲ್ಲಿ ಒಂದಾದ ಜಲತತ್ತ್ವಕ್ಕೆ ಸೇರಿಬಿಟ್ಟಿರುತ್ತದೆ. ಆದ್ದರಿಂದ ಮನೆಯಲ್ಲೇ, ಸುಲಭವಾಗಿ, ಒಲೆಯ ಮೇಲೆ ಮಾಡಬಲ್ಲ ಚಾಕಲೇಟಿನ ತಿನಿಸುಗಳ ಶೋಧನೆಗೆ ತೊಡಗಿದೆ. ಮೊದಲ ಪ್ರಯೋಗ ಕುಕ್ಕರಿನ ಕೇಕು: ಬಿಸ್ಕೀಟು ಪುಡಿ ಮಾಡಿ, ಹಾಲು ಕಲೆಸಿ, ಚಿಟಿಕೆ ಸೋಡಾ ಹಾಕಿ, ಕುಕ್ಕರಿನ ತಳಕ್ಕೆ ಉಪ್ಪು ಹರವಿ ಅದರ ಮೇಲೆ ಡಬ್ಬಿ ಇಟ್ಟು ಮುಚ್ಚುವುದು. ಸೀಟಿ ತೆಗೆಯಬೇಕೆಂಬ ಒಂದು ಸೂಚನೆಯನ್ನು ಮಾತ್ರ ಮರೆತೆ. ಅವ್ವ ಆ ಕೇಕನ್ನು ಬೆರಳಿನಿಂದ ಬಡಿದು ನೋಡಿ, “ಮನಿ ಕಟ್ಟೋರಿಗೆ ಕೊಟ್ರ ಪಾಯಕ್ಕ ಹಾಕ್ತಾರ ನೋಡು” ಎಂದಳು. ಏಳನೆಯದು ಲೋಟದ ಪುಡಿಂಗು: ಹಾಲಿಗೆ ಕಾರ್ನ್‌ಫ್ಲೋರು, ಸಿಹಿ ಚಾಕಲೇಟು ಪುಡಿ ಹಾಕಿ ಸಣ್ಣ ಉರಿಯಲ್ಲಿ ಬಿಡದೆ ತಿರುವುವುದು. ನಡುವೆ ಫೋನು ಬಂದು ಬಿಟ್ಟೆ. ದಿನಚರಿಯಲ್ಲಿ ‘ಗಂಟುಗಳು: ಹದಿನಾರು’ ಎಂದಿದೆ. ಹದಿಮೂರನೆಯದರಲ್ಲಿ ನಿನ್ನೆಯ ಚಪಾತಿಗೆ ತುಪ್ಪ, ಬೆಲ್ಲ, ಅದೇ ಪುಡಿ ಸವರಿ ಸುರುಳಿ ಸುತ್ತಿ ಹಂಚಿನ ಮೇಲೆ ಬಿಸಿ ಮಾಡಿದೆ. ಮೂರು ನಿಮಿಷದ ಕೆಲಸ, ಅಂಕ ಐದಕ್ಕೆ ನಾಲ್ಕು, ಇಂದಿಗೂ ಯಾರಿಗಾದರೂ ಧೈರ್ಯವಾಗಿ ಹೇಳಿಕೊಡುತ್ತೇನೆ.

ಆದರೆ ನನ್ನ ಕೀರ್ತಿಯೆಲ್ಲ ನಿಂತಿರುವುದು ಹತ್ತೊಂಬತ್ತನೆಯ ಪ್ರಯೋಗದ ಮೇಲೆ. ಹುರಿದು ಸಿಪ್ಪೆ ತೆಗೆದ ಶೇಂಗಾದ ಪುಡಿ ಎರಡು ಬಟ್ಟಲು, ಮಕ್ಕಳ ಹಾಲಿಗೆ ಬೆರೆಸುವ ಚಾಕಲೇಟು ಪುಡಿ ಒಂದು ಬಟ್ಟಲು, ಬೆಲ್ಲ ಎರಡು ಚಮಚ, ಕಾಯಿಸಿದ ತುಪ್ಪ ನಾಲ್ಕು ಚಮಚ. ಎಲ್ಲವನ್ನೂ ಬೆಚ್ಚಗೆ ಕಲೆಸಿ ಉಂಡೆ ಕಟ್ಟಿದರೆ ಮುಗಿಯಿತು. ಬಿಸಿಲಿಗೆ ಕರಗುವುದಿಲ್ಲ, ಫ್ರಿಜ್ಜಿನ ಹಂಗಿಲ್ಲ. ಪಂಚಮಿಗೆ ಐದಾರು ಬಗೆಯ ಉಂಡಿ ಕಟ್ಟುವ ಅವ್ವ ಇದನ್ನು ತಿಂದು, “ಉಂಡಿ ಅಂತ ಅನ್ನಬಹುದು” ಎಂದಳು. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿ ಇದುವರೆಗೆ ಯಾರಿಗೂ ಸಂದಿಲ್ಲ.

ಇಷ್ಟು ಹೊತ್ತು ನನ್ನ ಆಸೆಯ ಪುರಾಣವನ್ನೇ ಹೇಳಿದೆ. ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. ಅವಳ ವಿಷಯ ಯಾವಾಗಲೂ ಕೊನೆಗೆ ಬರುವುದು ನಮ್ಮ ಮನೆಯ ಹಳೆಯ ಪದ್ಧತಿ, ಮತ್ತು ಆ ಪದ್ಧತಿಯನ್ನು ಹಾಕಿದವಳು ಅವಳೇ.

ನನಗಿಂತ ನಾಲ್ಕು ವರ್ಷ ದೊಡ್ಡವಳಾದ ಗಿರಿಜಕ್ಕನನ್ನು ಇಳಕಲ್ಲಿಗೆ ಕೊಟ್ಟಿದೆ. ಏನು ಬೇಕೆಂದು ಕೇಳಿದರೆ “ಏನರ ನಡಿತೈತಿ” ಎನ್ನುವುದು ಅವಳ ಹುಟ್ಟುಗುಣ. ಸೀರೆ ಅಂಗಡಿಯಲ್ಲೂ ಅದೇ ಮಾತು, ಊಟದ ತಟ್ಟೆಯ ಮುಂದೆಯೂ ಅದೇ ಮಾತು. ಗಂಡು ನೋಡಲು ಬಂದಾಗಲೂ ಅದನ್ನೇ ಹೇಳಿದಳು, ದೈವವಶಾತ್ ಒಳ್ಳೆಯ ಗಂಡನೇ ಸಿಕ್ಕ. ಅವಳು ಬಸುರಿಯಾದ ಮೇಲೆ ಆ ಮಾತು ಎಲ್ಲರನ್ನೂ ಕಂಗೆಡಿಸಿತು. ಮೊದಲ ತಿಂಗಳುಗಳ ವಾಂತಿ ನಿಂತರೂ ಊಟ ಹತ್ತಲಿಲ್ಲ. ತೂಕ ಏರುತ್ತಿಲ್ಲ, ಅವಳಿಗೆ ಸೇರುವುದನ್ನು ಮಾಡಿ ತಿನ್ನಿಸಿ ಎಂದು ದವಾಖಾನೆಯಲ್ಲಿ ಎರಡು ಸಲ ಹೇಳಿದರು. ಸೇರುವುದು ಯಾವುದು? ಅವ್ವ ಫೋನಿನಲ್ಲಿ ಕೇಳಿದಳು, ಅವಳ ಅತ್ತೆ ಎದುರಿಗೇ ಕೇಳಿದರು, ಗಂಡ ಒಳಕ್ಕೆ ಕರೆದು ಕೇಳಿದ. ಎಲ್ಲರಿಗೂ ಸಿಕ್ಕಿದ್ದು ಒಂದೇ ಉತ್ತರ: ಏನರ ನಡಿತೈತಿ.

ಹೀಗಿರುವಾಗ ಒಂದು ಮಂಗಳವಾರ ನಾನು ಉಂಡಿ ಕಟ್ಟುತ್ತ ಅವಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಏನು ಮಾಡುತ್ತಿದ್ದೀ ಎಂದಳು, ಹೇಳಿದೆ.

“ಅದರ ವಾಸನಿ ಮೂಗಿಗೆ ಬಂದಾಂಗ ಆತು ನೋಡು” ಎಂದಳು. ತಕ್ಷಣವೇ, “ಬಿಡು, ಸುಮ್ನ ಅಂದೆ. ಅವ್ವನ ಮುಂದ ಹೇಳಬ್ಯಾಡ.”

ಹೇಳದೆ ಇರಲು ನಾನೇನು ಮೌನವ್ರತದವಳೇ? ಫೋನಿಟ್ಟ ಮರುಕ್ಷಣ ಹೇಳಿದೆ. ಆಮೇಲೆ ದಿನಚರಿಯಲ್ಲಿ ಬರೆಯಲು ಕೂತಾಗ, ಏಳನೆಯ ತರಗತಿಯಿಂದ ಬರೆದಿಟ್ಟ ನನ್ನ ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ನೋಡಬೇಕೆನಿಸಿತು. ಶಾಲೆಯಲ್ಲಿ ಯಾರದಾದರೂ ಹುಟ್ಟುಹಬ್ಬಕ್ಕೆ ಚಾಕಲೇಟು ಹಂಚಿದರೆ ಅಕ್ಕ ತನ್ನದನ್ನು ಮನೆಗೆ ತಂದು ನನಗೆ ಕೊಡುತ್ತಿದ್ದಳು. ನಾನು ಅದನ್ನೂ ಎಣಿಸಿದ್ದೆ. ‘ಅಕ್ಕ ಕೊಟ್ಟದ್ದು: ನಲವತ್ತೊಂದು. ಕಾರಣ: ಅವಳಿಗೆ ಚಾಕಲೇಟು ಸೇರುವುದಿಲ್ಲ.’ ದುಂಡಗಿನ ಅಕ್ಷರ, ಕೆಳಗೆ ಎರಡು ಗೆರೆ. ನಲವತ್ತೊಂದು ಎಂಬ ಸಂಖ್ಯೆ ಸರಿಯಾಗಿಯೇ ಇತ್ತು. ಕಾರಣದ ಅಂಕಣವನ್ನು ಮಾತ್ರ ಇಷ್ಟು ವರ್ಷ ಯಾರೂ ತಪಾಸಣೆ ಮಾಡಿರಲಿಲ್ಲ. ಒಬ್ಬರ ಆಸೆಯ ಗಂಟೆ, ನಿಮಿಷ, ತೀವ್ರತೆಗಳನ್ನೆಲ್ಲ ಬರೆದಿಡುವ ಶ್ರದ್ಧೆಯ ಮುಂದೆ ಇನ್ನೊಬ್ಬರ ಆಸೆ ಎಷ್ಟು ಸುಲಭವಾಗಿ ಕಣ್ಣು ತಪ್ಪಿಸಿಕೊಂಡು ಹೋಗುತ್ತದೆ ಎಂಬುದು ಆ ದಿನ ನನಗೆ ಹೊಳೆಯಿತು. ಹೊಳೆದದ್ದು ಅಷ್ಟೇನೂ ಸುಖ ಕೊಡಲಿಲ್ಲ.

ಬಯಕೆ ಬುತ್ತಿ ಒಯ್ಯುವ ದಿನ ಹತ್ತಿರ ಬಂದಿತ್ತು. ಬಸುರಿ ಮಗಳಿಗೆ ತವರಿನವರು ರೊಟ್ಟಿ, ಪಲ್ಯ, ಚಟ್ನಿ, ಸಿಹಿ ಎಲ್ಲ ಕಟ್ಟಿಕೊಂಡು ಹೋಗಿ ಉಣ್ಣಿಸುವ ಪದ್ಧತಿ ಅದು. ಅದರಲ್ಲಿ ಚಾಕಲೇಟು ಉಂಡಿಯೂ ಇರಬೇಕೆಂದು ನಾನು ಪಟ್ಟು ಹಿಡಿದೆ. ಅವ್ವನಿಗೆ ಅಕ್ಕನ ಆಸೆಯ ಬಗ್ಗೆ ತಕರಾರಿರಲಿಲ್ಲ, ಬಣ್ಣದ ಬಗ್ಗೆ ಇತ್ತು.

“ಬಯಕಿ ಬುತ್ಯಾಗ ಕರೇದು ಹ್ಯಾಂಗ ಒಯ್ಯೂದು? ಬೀಗರು ಏನಂದಾರು?”

“ಕರೇ ಎಳ್ಳಿನ ಉಂಡಿ ಒಯ್ಯಾಂಗಿಲ್ಲೇನು?”

“ಎಳ್ಳಿನ ಮಾತ ಬ್ಯಾರೆ. ಎಳ್ಳು ನಮ್ಮದು” ಎಂದ ಅವ್ವ ಸ್ವಲ್ಪ ಯೋಚಿಸಿ, “ಮ್ಯಾಲ ಒಣಕೊಬ್ಬರಿ ಉದುರಿಸು. ಬೆಳ್ಳಗ ಕಾಣಬೇಕು” ಎಂದು ಒಪ್ಪಿದಳು.

ಅಕ್ಕನಿಗಾಗಿ ಮಾಡುವಾಗ ಮಕ್ಕಳ ಹಾಲಿನ ಪುಡಿ ಸಾಕೇ? ಊರೆಲ್ಲ ಅಲೆದು, ಇರುವುದರಲ್ಲೇ ಅತ್ಯುತ್ತಮವಾದ ಕೋಕೋ ಪುಡಿ ತಂದೆ. ಹತ್ತೊಂಬತ್ತನೆಯ ಪ್ರಯೋಗದ ಪುಟ ತೆರೆದಿಟ್ಟುಕೊಂಡು ಒಂದು ಕಾಳೂ ಆಚೀಚೆ ಆಗದಂತೆ ಅಳೆದೆ. ಕಲೆಸುವಾಗ ಅವ್ವ ಬಂದು ಮೂಸಿ, “ವಾಸನಿ ಬ್ಯಾರೆ ಐತಲ್ಲ” ಎಂದಳು. “ಚಲೋ ಪುಡಿ ಹಿಂಗ ಇರತೈತಿ” ಎಂದು ತಜ್ಞಳ ಧಾಟಿಯಲ್ಲಿ ಹೇಳಿದೆ. ಬೆರಳಿಗೆ ಹತ್ತಿದ್ದನ್ನು ಬಾಯಿಗಿಟ್ಟುಕೊಳ್ಳಲು ಹೋದರೆ ಅವ್ವ ಕೈ ಹಿಡಿದಳು. ಬಸುರಿಗೆ ಕಟ್ಟುವ ಬುತ್ತಿಯನ್ನು ಅವಳಿಗಿಂತ ಮೊದಲು ಯಾರೂ ರುಚಿ ನೋಡಬಾರದೆಂಬುದು ನಮ್ಮ ಮನೆಯ ಕಟ್ಟಳೆ. ಕಣ್ಣಳತೆಯಲ್ಲೇ ಉಪ್ಪು ಖಾರ ಬಲ್ಲ ಅವ್ವನಿಗೆ ಅದರಿಂದ ತೊಂದರೆಯಿಲ್ಲ. ನಾನಂತೂ ಬರಹವನ್ನು ನಂಬಿದವಳು. ಕೈ ತೊಳೆದುಕೊಂಡೆ.

ಹುನಗುಂದ ದಾಟುವವರೆಗೂ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದೆ. ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರೆಲ್ಲ ಸೇರಿದ್ದರು. ಎಣಿಸಿದೆ, ಹನ್ನೊಂದು ಮಂದಿ. ಹಸಿರು ಬಳೆಯ ಅಕ್ಕ ಮಣೆಯ ಮೇಲೆ ಕೂತಿದ್ದಳು, ಮುಖ ಸೊರಗಿತ್ತು. ಅವ್ವ ಒಂದೊಂದಾಗಿ ಬಡಿಸಿದಳು. ಅಕ್ಕ ಒಂದೊಂದು ತುತ್ತು ಮುರಿದು ಬಾಯಿಗಿಟ್ಟು, “ಚಲೋ ಆಗೇತಿ” ಎನ್ನುತ್ತ ಹೋದಳು. ಬದನೆಕಾಯಿಗೂ ಚಲೋ ಆಗೇತಿ, ಚಟ್ನಿಗೂ ಚಲೋ ಆಗೇತಿ. ಎರಡನೆಯ ತುತ್ತನ್ನು ಯಾವುದಕ್ಕೂ ಮುರಿಯಲಿಲ್ಲ. ಅವ್ವನ ಕೈ ನಿಧಾನವಾಗುತ್ತಿದ್ದುದನ್ನು ನಾನು ನೋಡಿದೆ.

ಕೊನೆಗೆ ಉಂಡಿ. ಅಕ್ಕ ಅದನ್ನು ಬೇರೆಯವುಗಳಂತೆ ಮುರಿಯಲಿಲ್ಲ; ಇಡಿಯಾಗಿ ಎತ್ತಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ದೊಡ್ಡದಾಗಿ ಕಚ್ಚಿದಳು. ಅಗಿಯುವುದು ನಿಂತಿತು. ಆ ಮುಖ ನೋಡಿದಾಗಲೇ ನನ್ನ ತಲೆಗೆ ಹೊಳೆದದ್ದು: ಹಳೆಯ ಪುಡಿಯಲ್ಲಿ ಸಕ್ಕರೆ ಸೇರಿಯೇ ಇತ್ತು, ಈ ಉತ್ತಮ ಪುಡಿಯಲ್ಲಿ ಹೆಸರಿಗೂ ಇರಲಿಲ್ಲ. ಮೂರು ಬಟ್ಟಲು ಪುಡಿಗೆ ಎರಡು ಚಮಚ ಬೆಲ್ಲ. ಈಗ ಅವಳು ನುಂಗಿ ‘ಚಲೋ ಆಗೇತಿ’ ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು, ಇನ್ನು ಅವಳಿಗೆ ಏನು ಬೇಕೆಂದು ಹೆರಿಗೆಯವರೆಗೂ ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡೆ.

“ಕಹಿ ಐತಿ” ಎಂದಳು ಅಕ್ಕ.

ಬಯಕೆ ಬುತ್ತಿಯಲ್ಲಿ ಕಹಿ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕನ ಅತ್ತೆ ಕೈ ಚಾಚಿ ಡಬ್ಬಿಯಿಂದ ಒಂದು ಉಂಡಿ ತೆಗೆದು ಕಚ್ಚಿದರು, ಮುಖವನ್ನು ಹಿಂಡಿದ ಲಿಂಬೆಹಣ್ಣಿನಂತೆ ಮಾಡಿಕೊಂಡರು.

“ಖರೇನ ಕಹಿ ಐತಿ. ತಂಗಿ, ಬೇವಿನ ತಪ್ಪಲಾ ಹಾಕಿ ಕಟ್ಟೀಯೇನು?”

ಹನ್ನೊಂದು ಮಂದಿಯೂ ನಕ್ಕರು. ಅವ್ವ, “ಬಿಡು ಮಗಳ, ಅದನ್ನ ತಿನ್ನಬ್ಯಾಡ. ಹೋಳಿಗಿ ತಿನ್ನು” ಎಂದು ತಟ್ಟೆಯಿಂದ ಉಂಡಿ ತೆಗೆಯಲು ಬಾಗಿದಳು. ಅಕ್ಕ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು.

“ಹೋಳಿಗಿ ಬ್ಯಾಡ. ಇದನ್ನ ಸರಿ ಮಾಡಿ ಕೊಡ್ರಿ. ನನಗ ಇದ ಬೇಕು.”

ನನ್ನ ಇಪ್ಪತ್ತೆಂಟು ವರ್ಷಗಳಲ್ಲಿ ಅವಳು ‘ಬೇಕು’ ಎಂದದ್ದನ್ನು ನಾನು ಕೇಳಿರಲಿಲ್ಲ. ಅವ್ವನೂ ಕೇಳಿರಲಿಲ್ಲವೆಂದು ಬಾಗಿದವಳು ಹಾಗೇ ನಿಂತದ್ದರಿಂದ ಗೊತ್ತಾಯಿತು. ಮೊದಲು ಎದ್ದವರು ಅತ್ತೆ. “ಅದಕ್ಕೇನು, ಬಾರವಾ ತಂಗಿ, ನಡಿ ಒಳಗ” ಎಂದು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ನಡೆಸಿದರು. ಉಂಡಿಗಳನ್ನೆಲ್ಲ ಬೋಗುಣಿಗೆ ಒಡೆದು ಹಾಕಿದೆವು. ನಾನು ಅಭ್ಯಾಸಬಲದಿಂದ ಬಟ್ಟಲು ಹುಡುಕಿ ಬೆಲ್ಲ ಅಳೆಯಲು ಹೊರಟರೆ ಅತ್ತೆ ಅದನ್ನು ಕೈಯಿಂದ ಕಸಿದುಕೊಂಡು, “ತಿನ್ನೂ ಆಕಿನ್ನ ಬಿಟ್ಟು ಬಟ್ಟಲಕ್ಕ ಕೇಳ್ತಾರೇನು?” ಎಂದು ಪಡಸಾಲೆಯ ಕಡೆ ಕೂಗಿದರು, “ಗಿರಿಜಾ, ಬಾ ಇಲ್ಲೆ.”

ಅಕ್ಕ ಬಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಹೊಟ್ಟೆ ಹಿಡಿದುಕೊಂಡು ಕೂತಳು. ಅತ್ತೆ ಬೆಲ್ಲ ಕುಟ್ಟಿ ಕರಗಿಸಿ ಸುರಿದರು, ನಾನು ಬಿಸಿ ಹಾಲು ಚಿಮುಕಿಸಿ ಕಲೆಸಿದೆ, ಅವ್ವ ಒಂದು ಚಮಚದಲ್ಲಿ ತೆಗೆದು, ಆರಿಸಿ, ಅಕ್ಕನ ಬಾಯಿಗೆ ಹಿಡಿದಳು. ಅಕ್ಕ ಅವಸರವಿಲ್ಲದೆ ಚಪ್ಪರಿಸಿದಳು. ಹಿಂದೆ ಬಾಗಿಲಲ್ಲಿ ಹನ್ನೊಂದು ತಲೆಗಳು ಇಣುಕುತ್ತಿದ್ದವು.

“ಇನ್ನೂ ಬೇಕು” ಎಂದಳು.

ಅತ್ತೆ ಮತ್ತೆ ಬೆಲ್ಲ ಹಾಕಿದರು, ನಾನು ಮತ್ತೆ ಕಲೆಸಿದೆ, ಅವ್ವ ಮತ್ತೆ ಚಮಚ ಹಿಡಿದಳು. ಎಷ್ಟು ಸಲ ಎಂದು ಕೇಳಬೇಡಿ. ಕೈಗಳೆರಡೂ ತುಪ್ಪದಲ್ಲಿದ್ದವು, ಎಣಿಕೆ ತಪ್ಪಿಹೋಯಿತು. ಬೋಗುಣಿಯಲ್ಲಿ ಅರ್ಧಕ್ಕರ್ಧ ಉಳಿದಿದ್ದಾಗ ಅವ್ವ ಆಸೆಯಿಂದ, “ಈಗರ ಸರಿ ಆತೇನವಾ?” ಎಂದಳು.

ಅಕ್ಕ ತುಟಿಯ ಅಂಚನ್ನು ಸೆರಗಿನಿಂದ ಒರೆಸಿಕೊಂಡು, ಬೋಗುಣಿಯೊಳಗೆ ಬಗ್ಗಿ ನೋಡಿ, ಮನೆಯ ಯಜಮಾನಿಯ ದನಿಯಲ್ಲಿ ಹೇಳಿದಳು:

“ಸರಿ ಆಗೇತಿ. ಆದ್ರ ಇಷ್ಟು ಸಾಲೂದಿಲ್ಲ.”