ಪೊಂಗಲ್ ಮಡಕೆಯ ಹಿಂದೆ ಹೋದ ಶುಂಠಿ ಗಿಡ

ಗೆಳೆಯರೇ, ಇವತ್ತು ಪೊಂಗಲ್. ಬಾಗಲೂರು ರಸ್ತೆಯ ನಮ್ಮ ಬಾಡಿಗೆ ಮನೆಯ ಓನರಮ್ಮ ಬೆಳಗ್ಗೆಯೇ ಬಂದು ನನ್ನ ಶುಂಠಿ ಗಿಡ ಕೇಳಿದರು. ಇಲ್ಲಿ ಎಲೆ ಸಮೇತ ಅರಿಶಿನ, ಶುಂಠಿ ಗಿಡಗಳನ್ನು ಮಡಕೆಯ ಕುತ್ತಿಗೆಗೆ ಕಟ್ಟಿಯೇ ಒಲೆಗೆ ಇಡುವುದು. ಅರಿಶಿನ ತಂದಿದ್ದರು, ಶುಂಠಿ ಮರೆತಿದ್ದರು.

ಮೂರು ಸಲ ಕೊಳೆತು, ನಾಲ್ಕನೇ ಸಲ ತಾರಸಿಯ ಮೇಲೆ ಸಿಮೆಂಟ್ ಚೀಲದಲ್ಲಿ ಬದುಕಿದ ಗಿಡ ಅದು. "ಇನ್ನೂ ಬಲಿತಿಲ್ಲ ಅಕ್ಕ, ಕೀಳಕ್ಕಾಗಲ್ಲ" ಅಂದೆ.

"ಸರಿ ಬಿಡಮ್ಮ, ಕೀಳೋದು ಬ್ಯಾಡ. ಕಟ್ಟಬೇಕು ಅಷ್ಟೇ ತಾನೆ?" ಅಂದರು.

ಹತ್ತು ನಿಮಿಷದಲ್ಲಿ ಇಟ್ಟಿಗೆ, ಸೌದೆ, ಮಡಕೆ, ಮನೆಮಂದಿ ಎಲ್ಲ ತಾರಸಿಗೆ ಬಂತು. ಚೀಲದ ಪಕ್ಕದಲ್ಲೇ ಒಲೆ ಹೂಡಿದರು. ಮಣ್ಣಿನಲ್ಲಿದ್ದ ಗಿಡವನ್ನು ಹಾಗೆಯೇ ಬಗ್ಗಿಸಿ ಮಡಕೆಗೆ ಬಿಗಿಯಾಗಿ ಕಟ್ಟಿದರು. ನಾನು ಪಕ್ಕದಲ್ಲಿ ಕೂತು ಎಲೆಗಳಿಗೆ ನೀರು ಚಿಮುಕಿಸುತ್ತಿದ್ದೆ. ಹಾಲು ಉಕ್ಕಿತು. ಎಲ್ಲರೂ "ಪೊಂಗಲೋ ಪೊಂಗಲ್" ಎಂದು ಕೂಗಿದರು, ನಾನೂ ಕೂಗಿದೆ.

ಅಕ್ಕಿ ಬೆಂದ ಮೇಲೆ ಓನರಮ್ಮನ ಯಜಮಾನರು ಕೈಗೆ ಟವಲ್ ಸುತ್ತಿಕೊಂಡು ಮಡಕೆ ಎತ್ತಿ, ದೇವರ ಮುಂದಿಡಲು ಮೆಟ್ಟಿಲಿಳಿದರು. ಗಂಟು ಬಿಚ್ಚುವುದು ಯಾರಿಗೂ ನೆನಪಾಗಲಿಲ್ಲ. ಅವರ ಹಿಂದೆ ನನ್ನ ಗಿಡವೂ ಬೇರು, ಮಣ್ಣು ಸಮೇತ ಇಳಿದುಹೋಯಿತು.

"ನಾವೇನೂ ಕೀಳ್ಲಿಲ್ಲ ಕಣಮ್ಮ, ಅದೇ ಬಂತು," ಅಂದರು ಓನರಮ್ಮ. ಬಾಳೆಲೆಯಲ್ಲಿ ಪೊಂಗಲ್ ಕೊಡುತ್ತಾ, "ಬರೋ ವರ್ಷಕ್ಕೆ ಅರಿಶಿನಾನೂ ಹಾಕ್ಬುಡು, ಸಂತೆಗೆ ಹೋಗೋದು ತಪ್ಪುತ್ತೆ" ಎಂದು ಸೇರಿಸಿದರು.

ಪೊಂಗಲ್ ಚೆನ್ನಾಗಿಯೇ ಇತ್ತು. ಅದಕ್ಕೆ ಶುಂಠಿ ಮಾತ್ರ ಹಾಕಿರಲಿಲ್ಲ.